ಮೊದಲು ಎಫ್2, ಆಮೇಲೆ ಚೌಕ

ನಮಸ್ಕಾರ. ವಿಡಿಯೊಗೆ ಗ್ರಾಫಿಕ್ಸ್, ಅನಿಮೇಷನ್ ಮಾಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್ ಮೇಲೆ ನನಗೊಂದು ಹಳೇ ಸಿಟ್ಟಿದೆ. ಇವತ್ತು ಹೇಳಿಯೇ ಬಿಡುತ್ತೇನೆ.

ಟೈಮ್‌ಲೈನ್‌ನಲ್ಲಿ ಒಂದು ಸಂದರ್ಶನದ ವಿಡಿಯೊ. ಮಾತಾಡುವವರ ಹೆಸರಿನ ಹಿಂದೆ ಒಂದು ಹಳದಿ ಪಟ್ಟಿ ಬೇಕು, ಅಷ್ಟೇ. ಕ್ಯೂ ಒತ್ತಿದೆ, ರೆಕ್ಟ್ಯಾಂಗಲ್ ಟೂಲ್ ಬಂತು, ಎಳೆದೆ. ಪಟ್ಟಿ ಬರಲಿಲ್ಲ, ಮನುಷ್ಯನೇ ಮಾಯ! ಕಪ್ಪು ಪರದೆ ನಡುವೆ ಶರ್ಟಿನ ಎರಡು ಗುಂಡಿ, ಅರ್ಧ ಕಾಲರ್ ಮೈಕು. ಇನ್ನೇನೂ ಇಲ್ಲ.

ಆಗಿದ್ದೇನು ಗೊತ್ತಾ? ವಿಡಿಯೊ ಲೇಯರ್ (ಪದರ) ಸೆಲೆಕ್ಟ್ ಆಗಿತ್ತು. ಅಂಥ ಲೇಯರ್ ಮೇಲೆ ಎಳೆದರೆ ಅದು ಮಾಸ್ಕ್, ಎಳೆದ ಆಕಾರದ ಒಳಗಿನದಷ್ಟೇ ಉಳಿದು ಮಿಕ್ಕಿದ್ದು ಮರೆಯಾಗುತ್ತದೆ. ಏನೂ ಸೆಲೆಕ್ಟ್ ಆಗಿಲ್ಲದಿದ್ದರೆ ಹೊಸ ಶೇಪ್ ಲೇಯರ್, ಅಂದರೆ ಎಳೆದ ಆಕಾರಕ್ಕೇ ಒಂದು ಪದರ. ಶೇಪ್ ಲೇಯರೇ ಸೆಲೆಕ್ಟ್ ಆಗಿದ್ದರೆ, ಅದರೊಳಗೇ ಇನ್ನೊಂದು ಆಕಾರ. ಕತ್ತರಿಯನ್ನೂ ಕುಂಚವನ್ನೂ ಒಂದೇ ಹಿಡಿಗೆ ಕಟ್ಟಿಕೊಟ್ಟ ಹಾಗೆ.

ಈ ಸಾಫ್ಟ್‌ವೇರ್ ಬಂದಿದ್ದು 1993ರಲ್ಲಿ. ಶೇಪ್ ಲೇಯರ್ ಬಂದಿದ್ದು 2007ರ ಸಿಎಸ್3 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಚೌಕ, ವೃತ್ತದ ಟೂಲುಗಳ ಕೆಲಸ ಮಾಸ್ಕ್ ಮಾಡುವುದು. ಹೊಸ ಕೆಲಸವನ್ನೂ ಅವುಗಳ ಹೆಗಲಿಗೇ ಹೊರಿಸಿದರು. ಹಳಬರಿಗೆ ಅಭ್ಯಾಸವಾಗಿದೆ, "ಇದೇ ಫಾಸ್ಟು" ಅನ್ನುತ್ತಾರೆ. ಇರಬಹುದು. ಆದರೆ ಹೊಸದಾಗಿ ಕಲಿಯುವವರು ಸುಮ್ನೆ ತಮ್ಮನ್ನೇ ಬೈದುಕೊಳ್ಳುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಮಾಸ್ಕಿಗೆ ಬೇರೆ ಟೂಲ್ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸದ್ಯಕ್ಕೆ ಉಪಾಯ ಇಷ್ಟೇ. ಎಳೆಯುವ ಮೊದಲು ಎಫ್2 ಒತ್ತಿ, ಸೆಲೆಕ್ಷನ್ ಎಲ್ಲಾ ಹೋಗುತ್ತದೆ. ಟೂಲ್ ಹಿಡಿದಾಗ ಮೇಲಿನ ಟೂಲ್ ಪಟ್ಟಿಯಲ್ಲಿ ಫಿಲ್ (ಒಳಗಿನ ಬಣ್ಣ), ಸ್ಟ್ರೋಕ್ (ಅಂಚಿನ ಗೆರೆ) ಕಾಣುತ್ತಿವೆಯಾ ನೋಡಿ. ಕಾಣದಿದ್ದರೆ ಕೈಯಲ್ಲಿರುವುದು ಕತ್ತರಿ.

ಶೇಪ್ ಲೇಯರೇ ಸೆಲೆಕ್ಟ್ ಆಗಿರುವ ಆ ಮೂರನೆಯ ಸಂದರ್ಭ ಇನ್ನೂ ಕಿಲಾಡಿ, ಯಾಕೆಂದರೆ ತಪ್ಪಾಗಿದ್ದೇ ಗೊತ್ತಾಗುವುದಿಲ್ಲ. ಪಟ್ಟಿ ಪಕ್ಕ ಲೋಗೊಗೆ ಅಂತ ಒಂದು ವೃತ್ತ ಎಳೆದೆ. ಚೆನ್ನಾಗೇ ಬಂತು. ಅರ್ಧ ಗಂಟೆ ಬಿಟ್ಟು ವೃತ್ತವನ್ನು ಸರಿಸಲು ಹೋದರೆ ಪಟ್ಟಿಯೂ ಹೊರಟಿತು. ಸ್ಕೇಲ್ ಇಳಿಸಿ ಚಿಕ್ಕದು ಮಾಡಿದರೆ ಎರಡೂ ಪರದೆಯ ನಡುಮಧ್ಯಕ್ಕೆ ಓಡುತ್ತವೆ, ಯಾಕೆಂದರೆ ಲೇಯರ್ ಹಿಗ್ಗಲು, ಕುಗ್ಗಲು, ತಿರುಗಲು ಆಧಾರವಾದ ಆ್ಯಂಕರ್ ಪಾಯಿಂಟ್ ಕೂತಿರುವುದು ಅಲ್ಲಿ. ಕಂಟ್ರೋಲ್, ಆಲ್ಟ್, ಹೋಮ್ ಒಟ್ಟಿಗೆ ಒತ್ತಿದರೆ ಅದು ಆಕಾರಗಳ ನಡುವಿಗೆ ಬರುತ್ತದೆ. ಆದರೂ ಎರಡರ ಗಂಟು ಬಿಚ್ಚುವುದಿಲ್ಲ. ಟೈಮ್‌ಲೈನ್‌ನಲ್ಲಿ ಆ ಲೇಯರ್‌ನ ಕಂಟೆಂಟ್ಸ್ ತೆರೆದು, ಆಯಾ ಆಕಾರದ ಟ್ರಾನ್ಸ್‌ಫಾರ್ಮ್ (ಜಾಗ, ಗಾತ್ರ ಬದಲಿಸುವ ಭಾಗ) ಹುಡುಕಬೇಕು. ಅದಕ್ಕೇ ನನ್ನ ಲೆಕ್ಕದಲ್ಲಿ ಬೇರೆ ಬೇರೆಯಾಗಿ ಓಡಾಡುವ ಆಕಾರಗಳಿಗೆ ಬೇರೆ ಬೇರೆ ಲೇಯರ್.

ಹಾಗಂತ ಎಲ್ಲಕ್ಕೂ ಬೇರೆ ಲೇಯರ್ ಮಾಡಿ ಟೈಮ್‌ಲೈನನ್ನು ರೈಲು ಮಾಡಬೇಡಿ. ಮೊನ್ನೆ ಒಂದು ರಂಗೋಲಿ ಮಾಡಿದೆ. ಎಳೆಗಳೆಲ್ಲ ಪೆನ್ ಟೂಲಿನಲ್ಲಿ, ಒಂದೇ ಶೇಪ್ ಲೇಯರ್‌ನಲ್ಲಿ, ಫಿಲ್ ಇಲ್ಲ, ಬರೀ ಬಿಳಿ ಸ್ಟ್ರೋಕ್. ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಟ್ರಿಮ್ ಪಾತ್ಸ್, ಗೆರೆಯ ಎಷ್ಟು ಭಾಗ ಕಾಣಬೇಕು ಅಂತ ಹೇಳುವ ಸೌಲಭ್ಯ. ಅದರಲ್ಲಿ ಇಂಡಿವಿಜುವಲಿ (ಒಂದೊಂದಾಗಿ) ಆರಿಸಿ, ಗೆರೆ ಎಲ್ಲಿಯವರೆಗೆ ಅನ್ನುವ ಎಂಡ್‌ಗೆ ಎರಡು ಕೀಫ್ರೇಮ್ (ಯಾವ ಕ್ಷಣಕ್ಕೆ ಯಾವ ಬೆಲೆ ಅನ್ನುವ ಗುರುತು) ಹಾಕಿದೆ, ಸೊನ್ನೆಯಿಂದ ನೂರಕ್ಕೆ. ಒಂದು ಎಳೆ ಮುಗಿದ ಮೇಲೆ ಇನ್ನೊಂದು ಶುರು, ಅಂಗಳದಲ್ಲಿ ಅಮ್ಮ ಬಿಡುವ ಹಾಗೇ.