ಹೊಗೆ ಕಂಡವರು, ಬೆಂಕಿ ಹಚ್ಚಿದವರು

ವೇದಿಕೆಯ ಮೇಲಿನ ಹಿರಿಯರೇ, ಗದಗಿನ ಬಂಧುಗಳೇ,

ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಬೆಂಕಿ ಆರಿಸುವ ಸಾಮಾನು ತೋರಿಸುವುದು ರೂಢಿ. ಇವತ್ತು ನಾನು ಹಿಡಿದದ್ದು ಓಣಿಯ ಜಗಳ. ಒಬ್ಬರು ಹಿತ್ತಲಲ್ಲಿ ಕಸಕ್ಕೆ ಬೆಂಕಿ ಹಚ್ಚುತ್ತಾರೆ, ಬಾಜೂ ಮನೆಯವರು ಮಾಳಿಗೆ ಮೇಲಿಂದ ಹೊಗೆ ನೋಡಿ 112ಕ್ಕೆ ಫೋನ್ ಮಾಡುತ್ತಾರೆ. ಗಾಡಿ ಬರುವಷ್ಟರಲ್ಲಿ ಅಲ್ಲಿ ಉಳಿದಿರುವುದು ಒಂದು ಬುಟ್ಟಿ ಬೂದಿ. "ಇವರಿಗೆ ಫೋನ್ ಮಾಡೋದೇ ಕೆಲಸರೀ" ಅಂತ ಒಬ್ಬರು, "ಬಣವಿ ಹತ್ತಿಕೊಂಡ್ರ ಯಾರ್ ಹೊಣೇರೀ" ಅಂತ ಇನ್ನೊಬ್ಬರು. ನನ್ನ ಮಾತು ಇಷ್ಟೇ: ಫೋನ್ ಮಾಡಿದವರನ್ನು ಬಯ್ಯಬೇಡಿ. ಹಚ್ಚುವವರು ಮೊದಲೇ ಹೇಳಿ ಹಚ್ಚಲಿ.

ಈ ಸಪ್ತಾಹ ಏಪ್ರಿಲ್ 14ಕ್ಕೇ ಯಾಕೆ ಶುರುವಾಗುತ್ತದೆ ಅನ್ನುವುದು ನಿಮಗೆ ಗೊತ್ತು. ಆದರೂ ಹತ್ತಿ ಪೇಟೆಯ ಊರಿನಲ್ಲಿ ಅದನ್ನು ಮತ್ತೊಮ್ಮೆ ಹೇಳಲೇಬೇಕು. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಹತ್ತಿಯ ಅಂಡಿಗೆಗಳಿದ್ದವು, ಜೊತೆಗೆ ಸುಮಾರು 1,400 ಟನ್ ಸ್ಫೋಟಕವಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಒಳಗೆ ಬೆಂಕಿ ಇರುವುದು ಗೊತ್ತಾಯಿತು. ಟನ್ನುಗಟ್ಟಲೆ ನೀರು ಹೊಯ್ದರೂ ಕಿಡಿ ಕೂತ ಜಾಗ ಸಿಗಲಿಲ್ಲ. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಒತ್ತಿ ಕಟ್ಟಿದ ಅರಳೆಯಲ್ಲಿ ಕಿಡಿ ಉರಿ ಎಬ್ಬಿಸುವುದಿಲ್ಲ, ಒಳಗೊಳಗೇ ಹರಿಯುತ್ತದೆ. ಸಂಸ್ಕರಿಸದ ಅರಳೆಗೆ ಮೇಣದಂಥ ಜಿಡ್ಡು ಇರುವುದರಿಂದ ಹೊಯ್ದ ನೀರು ಮೇಲೆಯೇ ಜಾರಿ ಹೋಗುತ್ತದೆ.

ಹಿತ್ತಲ ಬೂದಿಯದೂ ಇದೇ ಗುಣ. ಸಂಜೆ ಆರಿತೆಂದು ತಿಪ್ಪೆಗೆ ಚೆಲ್ಲಿದ ಒಲೆಯ ಬೂದಿಯಲ್ಲಿ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಬಿಸಿಲೇರಿ ಗಾಳಿ ಬೀಸಿದರೆ ಸಾಕು, ತಿಪ್ಪೆ ಹೊತ್ತಿ, ಪಕ್ಕದ ಕಣಿಕಿ ಬಣವಿಗೆ ಹಾರುತ್ತದೆ. ಅದಕ್ಕೇ ಬೂದಿಗೆ ನೀರು ಹೊಯ್ಯಿರಿ, ಕೋಲಿನಿಂದ ಕಲಸಿರಿ, ಮತ್ತೆ ಹೊಯ್ಯಿರಿ. ಅಂಗೈ ತಿರುವಿ ಹಿಂಭಾಗವನ್ನು ಹತ್ತಿರ ಹಿಡಿಯಿರಿ. ಬಿಸಿ ತಟ್ಟಿದರೆ ಇನ್ನೊಂದು ಕೊಡ. ಇಷ್ಟು ಮಾಡಿದ ಮನೆಯ ಬೂದಿ ಯಾರ ಬಣವಿಯನ್ನೂ ಸುಡುವುದಿಲ್ಲ.

ಪ್ಲಾಸ್ಟಿಕ್, ಟೈರು, ಮನೆಗಸ ಸುಡುವಂತೆಯೇ ಇಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅಲ್ಲಿ ದೂರಿದ ನೆರೆಯವರದೇ ಸರಿ. ಹತ್ತಿ ಕಟ್ಟಿಗೆ, ಗೋವಿನಜೋಳದ ದಂಟನ್ನು ರೋಟಾವೇಟರ್ ಹೊಡೆದು ಮಣ್ಣಿಗೆ ಸೇರಿಸುವುದೇ ಲೇಸು. ಹೋಳಿಯ ಕಾಮನಿಗೆ, ಒಲೆಗೆ, ಚಳಿಗೆ ಬೆಂಕಿ ಬೇಕೇ ಬೇಕಲ್ಲ, ಅದನ್ನು ಹೇಗೆ ಹಚ್ಚಬೇಕು ಕೇಳಿ. ಸುತ್ತ ಹತ್ತು ಅಡಿ ನೆಲ ಬರಿದು ಮಾಡಿ. ಮೇಲೆ ಕರೆಂಟಿನ ತಂತಿ, ಮರದ ಟೊಂಗೆ ಇರಬಾರದು. ರಾಶಿ ಸಣ್ಣದಿರಲಿ, ಉರಿದಷ್ಟೂ ಸ್ವಲ್ಪ ಸ್ವಲ್ಪ ಹಾಕುತ್ತ ಹೋಗಿ. ಪೆಟ್ರೋಲ್ ಮುಟ್ಟಲೇಬೇಡಿ. ಅದರ ಆವಿ ನೆಲ ಹಿಡಿದು ಹರಿದು, ಕಡ್ಡಿ ಗೀರಿದವರ ಕಾಲಿಗೇ ಹತ್ತುತ್ತದೆ.

ನೀರಿನ ಮಾತು. "ಬೋರ್ ಐತಲ್ರೀ" ಅನ್ನುತ್ತೀರಿ. ತ್ರೀಫೇಸ್ ಯಾವಾಗ ಹೋಗುತ್ತದೆ ಅನ್ನುವುದು ನಿಮಗೇ ಗೊತ್ತು. ಪೈಪನ್ನು ನಂಬದೆ 200 ಲೀಟರಿನ ಬ್ಯಾರಲ್ ಮೊದಲೇ ತುಂಬಿಸಿ, ಎರಡು ಗೋಣಿಚೀಲ ತೊಯ್ಸಿ ಇಡಿ. ಆಮೇಲೆ ಗೋಡೆಯಾಚೆ ಒಂದು ಮಾತು: "ಅಕ್ಕಾರ, ಏಳು ಗಂಟೇಕ್ಕ ಚಳಿಗೆ ಒಂದೀಟು ಬೆಂಕಿ ಹಚ್ಚತೀವ್ರೀ, ಹೊಗಿ ಬಂದ್ರ ಗಾಬರಿ ಆಗಬ್ಯಾಡ್ರಿ." ಆಗ ಅಕ್ಕಾರೇ ಇನ್ನೊಂದು ಕೊಡ ನೀರು ತಂದು ಇಡುತ್ತಾರೆ.

ಇನ್ನು ಫೋನ್ ಮಾಡುವವರಿಗೆ. ವಾಟರ್ ಟೆಂಡರ್ ಅಂದರೆ ನೀರು ಹೊತ್ತು ಬರುವ ಅಗ್ನಿಶಾಮಕ ಗಾಡಿ, ಅದರಲ್ಲಿ ಸಾಮಾನ್ಯವಾಗಿ ಹಿಡಿಯುವುದು 4,500 ಲೀಟರ್. ನಿಮಿಷಕ್ಕೆ 450 ಬಿಟ್ಟರೂ ಹತ್ತೇ ನಿಮಿಷ. ಆ ಗಾಡಿ ಎಲೆಯ ಬೂದಿ ನೋಡಲು ಹೋದಾಗ ಇನ್ನೊಂದು ಊರಲ್ಲಿ ಮನೆ ಉರಿಯುತ್ತಿರಬಹುದು. ಆದ್ದರಿಂದ ಮಾಳಿಗೆಯಿಂದಲೇ ಮೂರು ನೋಡಿ. ಹೊಗೆ ನೆಲದಿಂದಲೋ, ಕಿಟಕಿ-ಹಂಚಿನ ಸಂದಿಯಿಂದಲೋ? ಪಕ್ಕದಲ್ಲಿ ನೀರು ಇಟ್ಟುಕೊಂಡು ಯಾರಾದರೂ ನಿಂತಿದ್ದಾರೋ? ಗಾಳಿ ಬಣವಿಯ ಕಡೆಗೋ? ಕಿಟಕಿಯಿಂದ ಹೊಗೆ ಬಂದರೆ ಒಂದು ಕ್ಷಣವೂ ಕಾಯಬೇಡಿ. ಯಾರೂ ಕಾಣದಿದ್ದರೂ ಮಾಡಿ. ನಿಂತವರು ಕಂಡರೆ ಮೊದಲು ಕೂಗಿ ಕೇಳಿ. ಸಂಶಯ ಉಳಿದರೆ ಫೋನೇ ಮಾಡಿ. ಆಮೇಲೆ ಅದು ಎಲೆಯ ಹೊಗೆಯಾಗಿದ್ದರೂ ನಾಚಿಕೆಪಡುವಂಥದ್ದಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ವೈರಿಂಗ್ ವಿಷಯ ಬಿಡುತ್ತೇನೆ, ಅಡಿಗೆ ಮನೆಯದು ಎರಡೇ ಮಾತು. ಮಿರ್ಚಿ ಕರಿಯುವಾಗ ಎಣ್ಣೆ ಹೊತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಯ ತಳಕ್ಕಿಳಿದು ಒಮ್ಮೆಲೇ ಉಗಿಯಾಗಿ, ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎತ್ತುತ್ತದೆ. ಒಲೆ ಆರಿಸಿ, ಬಾಣಲೆ ಮುಚ್ಚುವಷ್ಟು ದೊಡ್ಡ ತಟ್ಟೆಯನ್ನು ಬದಿಯಿಂದ ಜಾರಿಸಿ ಮುಚ್ಚಿ. ತಣ್ಣಗಾಗುವವರೆಗೆ ತೆಗೆಯಬೇಡಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ-ಬಾಗಿಲು ತೆರೆಯಿರಿ, ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಹೇಳಿ.

112ಕ್ಕೆ ಫೋನ್ ಮಾಡಿದಾಗ ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೋ ಅನ್ನುವುದನ್ನು ಹೇಳಿ. ದೊಡ್ಡ ಗಾಡಿ ಹೊರಳುವಷ್ಟು ದಾರಿ ಇದೆಯೋ ಇಲ್ಲವೋ, ಅದನ್ನೂ ಹೇಳಿ. ಒಬ್ಬರು ಓಣಿಯ ಬಾಯಿಗೆ ನಿಲ್ಲಿ. ಗಾಡಿ ಬರುವ ಮೊದಲೇ ಬೆಂಕಿ ಆರಿದರೆ ಅದೇ ನಂಬರಿಗೆ ಮತ್ತೆ ಫೋನ್ ಮಾಡಿ, "ಆರೇತ್ರೀ" ಅಂತ ತಿಳಿಸಿ. ಆ ಗಾಡಿಗೆ ಆಗಲೇ ಇನ್ನೊಂದು ಊರಿನಿಂದ ಕರೆ ಬಂದಿರಬಹುದು.