ಮಳೆಯ ಲೆಕ್ಕ ಇಡುವ ಊರಿನಲ್ಲಿ ಬಾವಿಯ ಲೆಕ್ಕವೂ ಇರಲಿ

ಎಲ್ಲರಿಗೂ ನಮಸ್ಕಾರ. ಮಳೆಯನ್ನು ಅಳೆದು ಬರೆದಿಡುವುದು ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಶಿಸ್ತು. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಪುಸ್ತಕಕ್ಕೆ ಏರಿಸಿ, ಹೋದ ವರ್ಷ ಈ ಹೊತ್ತಿಗೆ ಎಷ್ಟಾಗಿತ್ತು ಎಂದು ತಾಳೆ ನೋಡುವ ಬೆಳೆಗಾರರು ಇಂದಿಗೂ ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಮಳೆಯ ಎಷ್ಟು ಪಾಲು ನೆಲದೊಳಗೆ ಉಳಿಯಿತು, ಮಾರ್ಚ್ ತಿಂಗಳಲ್ಲಿ ಊರಿನ ಬಾವಿಗಳಲ್ಲಿ ನೀರು ಎಷ್ಟು ಅಡಿ ಕೆಳಗಿದೆ ಎಂಬುದನ್ನು ಅದೇ ಶಿಸ್ತಿನಿಂದ ಬರೆಯುವವರು ಅಪರೂಪ. ಅಂತರ್ಜಲವನ್ನು ಊರಿನವರೇ ಅಳೆಯಬೇಕು, ಆ ಅಳತೆ ಊರಿನ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು, ನಿಯಮದ ಮಾತು ಅದರ ನಂತರ ಬರಲಿ ಎಂಬುದು ಇಂದು ನಾನು ನಿಮ್ಮ ಮುಂದಿಡುವ ಅಭಿಪ್ರಾಯ.

ಕೊಡಗಿಗೆ ನೀರಿನ ಚಿಂತೆ ಏಕೆ ಎಂದು ಹೊರಗಿನವರು ಕೇಳುವುದುಂಟು. ಭಾಗಮಂಡಲದ ಮಳೆಗಾಲವನ್ನು ಕಂಡವರಿಗೆ ಆ ಪ್ರಶ್ನೆ ಸಹಜವೇ. ಆದರೆ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ, ತೋಡುಗಳ, ಅಂದರೆ ಸಣ್ಣ ಹಳ್ಳಗಳ, ಮೂಲಕ ಕಾವೇರಿಯನ್ನೋ ಹಾರಂಗಿಯನ್ನೋ ಲಕ್ಷ್ಮಣತೀರ್ಥವನ್ನೋ ಸೇರಿ ಜಿಲ್ಲೆಯನ್ನು ದಾಟಿಬಿಡುತ್ತದೆ. ಪೂರ್ವಕ್ಕೆ ಕುಶಾಲನಗರದ ಕಡೆ ಸಾಗಿದಂತೆ ಮಳೆಯೇ ಕಡಿಮೆ. ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಮೇಲೆ ಕಲ್ಲು ಕರಗಿ ಮಣ್ಣಾಗುತ್ತಿರುವ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ತೆರೆದ ಬಾವಿಯನ್ನು ತುಂಬುವುದೂ ಬೇಸಿಗೆಯಲ್ಲಿ ತೋಡು ಬತ್ತದಂತೆ ಕಾಯುವುದೂ ಆ ಮೇಲಿನ ಪದರವೇ. ಕೊಳವೆಬಾವಿ ಆಳದ ಬಿರುಕಿನಿಂದ ನೀರೆತ್ತಿದರೂ, ಆ ಬಿರುಕಿಗೆ ನೀರು ಇಳಿಯಬೇಕಾದದ್ದು ಬಹುಮಟ್ಟಿಗೆ ಅಲ್ಲಿಂದಲೇ. ಹೀಗಾಗಿ ಒಬ್ಬರ ತೋಟದಲ್ಲಿ ಹಗಲಿರುಳು ಮೋಟಾರು ಓಡಿದರೆ ಅದರ ಪರಿಣಾಮ ಬೇಲಿಯ ಬಳಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡೋಣ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ತಳಿಯ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕಾಗುತ್ತದೆ. ಹೂ ಅರಳಲು ಒಮ್ಮೆ, ಆಮೇಲೆ ಬ್ಯಾಕಿಂಗ್‌ಗೆ, ಅಂದರೆ ಅರಳಿದ ಹೂ ಕಾಯಿ ಕಟ್ಟಲು, ಮತ್ತೊಮ್ಮೆ. ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೆ ಅದು 1 ಲಕ್ಷ ಲೀಟರಿಗಿಂತ ತುಸು ಹೆಚ್ಚಾಗುತ್ತದೆ. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬರಿಗೆ ದಿನಕ್ಕೆ ನಿಗದಿ ಮಾಡಿರುವುದು 55 ಲೀಟರ್. ಆ ಪ್ರಮಾಣದಲ್ಲಿ ಐದು ಜನರ ಮನೆಗೆ ಇಡೀ ವರ್ಷಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ 1 ಲಕ್ಷ ಲೀಟರೇ. ಅಂದರೆ ಒಂದು ಎಕರೆ ತೋಟಕ್ಕೆ ಒಂದು ಸಲ ಒಂದು ಇಂಚು ಹಾಯಿಸುವ ನೀರು ಒಂದು ಕುಟುಂಬದ ವರ್ಷದ ನೀರಿಗೆ ಸಮ. ಬೆಳೆಗಾರರನ್ನು ದೂರಲು ನಾನಿದನ್ನು ಹೇಳುತ್ತಿಲ್ಲ. ಆ ನೀರು ಸಿಗದಿದ್ದರೆ ಹೂ ಕರಟಿ ವರ್ಷದ ಫಸಲೇ ಹೋಗುತ್ತದೆ. ಫಸಲು ಹೋದರೆ ತೋಟದ ಲೈನ್‌ಮನೆಯ (ಸಾಲುಮನೆಯ) ಕಾರ್ಮಿಕರ ಕೂಲಿಯೂ ಹೋಗುತ್ತದೆ. ಇಷ್ಟು ದೊಡ್ಡ ಪ್ರಮಾಣದ ನೀರು, ಇಷ್ಟು ಜನರ ಬದುಕಿಗೆ ತಗುಲಿದ ನೀರು, ಯಾವ ಸಾಮೂಹಿಕ ಲೆಕ್ಕವೂ ಇಲ್ಲದೆ ಖರ್ಚಾಗುತ್ತಿರುವುದು ನನ್ನನ್ನು ಕಳವಳಗೊಳಿಸುತ್ತದೆ.

ಕಾನೂನು ಈ ವಿಷಯದಲ್ಲಿ ನಮಗೆ ಅರ್ಧ ದಾರಿ ಮಾತ್ರ ಜೊತೆ ಬರುತ್ತದೆ. ತನ್ನ ಜಮೀನಿನ ಅಡಿಯಲ್ಲಿ ನಿರ್ದಿಷ್ಟ ಹರಿವಿನ ದಾರಿಯಿಲ್ಲದೆ ಇರುವ ನೀರನ್ನು ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳುವುದು ಮಾಲೀಕನ ಹಕ್ಕು ಎಂಬ 1882ರ ಈಸ್‌ಮೆಂಟ್ಸ್ ಕಾಯ್ದೆಯ ನೆರಳು ಇನ್ನೂ ನಮ್ಮ ಮೇಲಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದೆಂದು 1999ರ ಕರ್ನಾಟಕದ ಕಾಯ್ದೆ ಹೇಳುತ್ತದೆ. ಅಂತರ್ಜಲ ನಿಯಂತ್ರಣಕ್ಕೆಂದೇ 2011ರ ಮತ್ತೊಂದು ಕಾಯ್ದೆಯೂ ಇದೆ. ಕೇಂದ್ರ ಅಂತರ್ಜಲ ಮಂಡಳಿ ಆಯ್ದ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ವರ್ಷದಲ್ಲಿ ತೆಗೆಯಬಹುದಾದ ನೀರಿನಲ್ಲಿ ಶೇ. 70ರವರೆಗೆ ಬಳಸುವ ತಾಲ್ಲೂಕು 'ಸುರಕ್ಷಿತ', ಶೇ. 100 ಮೀರಿದರೆ 'ಅತಿಬಳಕೆ'. ರಾಜ್ಯದ ಚಿತ್ರ ತಿಳಿಯಲು ಇದು ಬೇಕು. ಆದರೆ ಗುಡ್ಡದ ಒಂದು ಮಗ್ಗುಲಿಗೂ ಇನ್ನೊಂದಕ್ಕೂ ನೀರಿನ ಮಟ್ಟ ಬದಲಾಗುವ ನಮ್ಮಂಥ ಕಡೆ, ತಾಲ್ಲೂಕು ಸುರಕ್ಷಿತವಾಗಿರುವಾಗಲೇ ಒಂದು ಹಾಡಿಯ (ಆದಿವಾಸಿಗಳ ವಸತಿಯ) ಬಾವಿ ಬತ್ತಿರಬಹುದು.

ಜನರೇ ಅಳೆದ ಉದಾಹರಣೆ ದೂರದಲ್ಲೇನೂ ಇಲ್ಲ. 2003ರ ನಂತರದ ವರ್ಷಗಳಲ್ಲಿ ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ರೈತರೇ ಮಳೆಯನ್ನೂ ಕೊಳವೆಬಾವಿಯ ಮಟ್ಟವನ್ನೂ ಅಳೆದರು. ಹಿಂಗಾರಿಗೆ ಮುನ್ನ ಒಟ್ಟಾಗಿ ಕುಳಿತು, ಇರುವ ನೀರಿಗೆ ಯಾವ ಬೆಳೆ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕಿದರು. ಯಾರಿಗೂ ದಂಡ ಹಾಕುವ ವ್ಯವಸ್ಥೆ ಅಲ್ಲಿರಲಿಲ್ಲ, ನಿರ್ಧಾರ ಆಯಾ ರೈತರದ್ದೇ ಆಗಿತ್ತು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿ ಇನ್ನೂ ಮುಂದೆ ಹೋಗಿ, ಪೋಪಟ್‌ರಾವ್ ಪವಾರ್ ಅವರ ನೇತೃತ್ವದಲ್ಲಿ, ಕೃಷಿಗಾಗಿ ಕೊಳವೆಬಾವಿ ಕೊರೆಯುವುದನ್ನೇ ಕೈಬಿಟ್ಟಿತು.

ಇವನ್ನು ಹಾಗೆಯೇ ಕೊಡಗಿಗೆ ತರಲಾಗದು ಎಂದು ನಾನು ಒಪ್ಪುತ್ತೇನೆ. ಕಾಫಿ ದಶಕಗಳ ಕಾಲ ನೆಲದಲ್ಲಿ ನಿಲ್ಲುವ ಗಿಡ. ನೀರು ಕಡಿಮೆಯಾಯಿತೆಂದು ಈ ವರ್ಷ ಬೇರೆ ಬೆಳೆಗೆ ಹೊರಳಲಾಗದು. ನಮ್ಮಲ್ಲಿ ಊರು ಕುಳಿತು ತೀರ್ಮಾನಿಸಬಹುದಾದದ್ದು ಬೇರೆ: ಒಂದೇ ತೋಡಿನ ಅಕ್ಕಪಕ್ಕದ ತೋಟಗಳು ಒಂದೇ ವಾರ ನೀರೆತ್ತದೆ ಸರದಿ ಹಾಕಿಕೊಳ್ಳುವುದು, ಹೊಸ ಕೊಳವೆಬಾವಿಯನ್ನು ಕುಡಿಯುವ ನೀರಿನ ಬಾವಿಯಿಂದ ದೂರವಿಡುವುದು, ಉಳಿದಿರುವ ಗದ್ದೆಗಳನ್ನು ಮಣ್ಣು ತುಂಬಿ ಮುಚ್ಚದಂತೆ ನೋಡಿಕೊಳ್ಳುವುದು. ಮಳೆಗಾಲದಲ್ಲಿ ನೀರನ್ನು ತಡೆದು ನಿಲ್ಲಿಸುವುದು ಆ ಗದ್ದೆಗಳೇ ಅಲ್ಲವೇ? ಇಂಗುಗುಂಡಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಮೇಲೆ, ಕಡಿದಾದ ಇಳಿಜಾರಿನಲ್ಲಿ ಎಲ್ಲೆಂದರಲ್ಲಿ ನೀರು ಇಂಗಿಸಿ ಮಣ್ಣನ್ನು ಭಾರವಾಗಿಸುವ ಕೆಲಸಕ್ಕೆ ಭೂವಿಜ್ಞಾನಿಗಳ ಸಲಹೆಯಿಲ್ಲದೆ ಕೈಹಾಕಬಾರದು.

ಅಳೆಯುವ ಕೆಲಸ ತೆರೆದ ಬಾವಿಗಳಿಂದಲೇ ಆರಂಭವಾಗಲಿ. ಕೊಳವೆಬಾವಿಗೆ ಉಪಕರಣ ಬೇಕು, ಪಂಪಿನ ಪೈಪಿನ ಪಕ್ಕದಲ್ಲಿ ಅಳತೆ ಇಳಿಸುವುದೂ ಸುಲಭವಲ್ಲ. ಬಾವಿಗಾದರೆ ತೂಕ ಕಟ್ಟಿದ ಒಂದು ಟೇಪು ಸಾಕು: ಬೆಳಿಗ್ಗೆ ಮೋಟಾರು ಹಾಕುವ ಮೊದಲು, ಕಟ್ಟೆಯ ಮೇಲೆ ಗುರುತು ಮಾಡಿದ ಒಂದೇ ಜಾಗದಿಂದ, ನೀರಿನವರೆಗಿನ ಅಂತರವನ್ನು ಬರೆಯಬೇಕು. ಮಳೆಗಾಲದ ಮುನ್ನ ಮತ್ತು ನಂತರ ಒಮ್ಮೊಮ್ಮೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಬರೆದರೆ, ಎರಡು ಮೂರು ವರ್ಷಗಳಲ್ಲಿ ಊರಿನ ನೀರಿನ ನಡೆ ಸ್ಪಷ್ಟವಾಗುತ್ತದೆ. ಮದುವೆಯಲ್ಲಿ ಗಂಗಾಪೂಜೆ ಮಾಡಿ ವಧುವಿನ ತಲೆಯ ಮೇಲೆ ಬಾವಿಯ ನೀರು ಹೊರಿಸುವ ನಾಡಿಗೆ ಬಾವಿಯ ಮೇಲಿನ ಗೌರವವನ್ನು ಹೊಸದಾಗಿ ಕಲಿಸಬೇಕಿಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಊರಿನವರೇ ಉಳಿಸಿಕೊಂಡು ಬಂದ ಜಿಲ್ಲೆಯಿದು. ಒಟ್ಟಾಗಿ ಕಾಯುವುದೂ ನಮಗೆ ಗೊತ್ತು.

ಅಂಕಿ ಹೊರಬಿದ್ದರೆ ನಾಳೆ ಸರ್ಕಾರ ಕರ ಹಾಕೀತು, ಪಂಪು ನಿಲ್ಲಿಸೀತು ಎಂಬ ಭಯ ಸಣ್ಣ ಬೆಳೆಗಾರರಲ್ಲಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಲೆಕ್ಕವೇ ಇಲ್ಲದ ಕಡೆ ಹೆಚ್ಚು ಆಳ ಕೊರೆಯಬಲ್ಲ ಹಣವಂತರಿಗೇ, ದೊಡ್ಡ ರೆಸಾರ್ಟುಗಳಿಗೇ ಅನುಕೂಲ. ಎರಡು ಎಕರೆಯವರ ಬಾವಿ ಬತ್ತಿತೆಂದು ಪಂಚಾಯಿತಿಯಲ್ಲಿ ವಾದಿಸಲು ಅವರ ಕೈಯಲ್ಲಿ ಬರೆದಿಟ್ಟ ಅಂಕಿಯಲ್ಲದೆ ಬೇರೆ ಯಾವ ಬಲ ಇದೆ? ಹಾಗೆಂದೇ ಪುಸ್ತಕ ಪಂಚಾಯಿತಿಯ ಕಪಾಟಿನಲ್ಲಿ ಬೀಗ ಹಾಕಿ ಕೂರಬಾರದು, ಅಂಕಿಗಳು ಗೋಡೆಯ ಮೇಲೆ ಬರಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇದಕ್ಕೆ ಸರಿಯಾದ ಜಾಗ. ಆದರೆ ಅಲ್ಲಿ ತೋಟದ ಮಾಲೀಕರಷ್ಟೇ ಕುಳಿತರೆ ಕೆಲಸ ಅರ್ಧವಾಗುತ್ತದೆ. ಬಾವಿಯ ನೀರು ಇಳಿದದ್ದು ಮೊದಲು ತಿಳಿಯುವುದು ಹಾಡಿಯ, ಲೈನ್‌ಮನೆಯ ಹೆಂಗಸರಿಗೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಕೂಲಿ ಬಿಟ್ಟು ಅವರು ಬರಲಾರರು; ಬಾವಿಯ ಲೆಕ್ಕದ ಸಭೆಯನ್ನು ಭಾನುವಾರಕ್ಕೋ ಕೆಲಸ ಬಿಟ್ಟ ಮೇಲಿನ ಸಂಜೆಗೋ ಇಡಬೇಕೆಂದು ನಿಮ್ಮ ಪಂಚಾಯಿತಿ ಸದಸ್ಯರನ್ನು ಈಗಲೇ ಕೇಳಿ.