ಮರಳುಗಾಡಿನ ನೆರಳು ಕಂದು ಅಲ್ಲ: ಬಯಲಲ್ಲಿ ಪೇಸ್ಟಲ್ ಚಿತ್ರ

[ದೃಶ್ಯ: ಬೆಳಗಿನ ಬಿಸಿಲಲ್ಲಿ ಮರಳುದಿಬ್ಬ. ಒಂದು ಮಗ್ಗುಲು ಹೊಳೆಯುತ್ತಿದೆ, ಇನ್ನೊಂದು ನೆರಳಲ್ಲಿದೆ]

ಈ ನೆರಳಿಗೆ ಯಾವ ಬಣ್ಣದ ಪೇಸ್ಟಲ್, ಅಂದರೆ ಒಣ ಬಣ್ಣದ ಕಡ್ಡಿ, ತೆಗೆದುಕೊಳ್ಳುತ್ತೀರಿ? ಹೆಚ್ಚಿನವರ ಕೈ ಸೀದಾ ಕಂದು ಬಣ್ಣಕ್ಕೆ ಹೋಗುತ್ತದೆ. ಚಿತ್ರ ಮಂಕಾಗುವುದು ಅಲ್ಲೇ.

[ಕ್ಲೋಸಪ್: ನೆರಳಿನ ಮಗ್ಗುಲು]

ಸರಿಯಾಗಿ ನೋಡಿ. ಮೇಲೆ ನೀಲಿ-ನೇರಳೆ ಇದೆ, ಬುಡಕ್ಕೆ ಬರುತ್ತಾ ಕಿತ್ತಳೆ ಸೇರಿಕೊಳ್ಳುತ್ತದೆ. ನೇರ ಬಿಸಿಲು ಬೀಳದ ಜಾಗಕ್ಕೆ ಬೆಳಕು ಕೊಡುವುದು ಆಕಾಶ, ಅದಕ್ಕೇ ನೀಲಿ. ಬುಡಕ್ಕೆ ಮಾತ್ರ ಎದುರಿನ ಬಿಸಿಲು ಮರಳಿನಿಂದಲೂ ಬೆಳಕು ಪುಟಿದು ಬರುತ್ತದೆ.

ಮರಳಿನ ಬಣ್ಣವೂ ಎಲ್ಲ ಕಡೆ ಒಂದೇ ಅಲ್ಲ. ಆಫ್ರಿಕಾದ ನಮೀಬ್ ಮರುಭೂಮಿಯ ದಿಬ್ಬಗಳು ಕೆಂಪಗಿರುವುದು ಕಬ್ಬಿಣದ ಆಕ್ಸೈಡ್‌ನಿಂದ. ನಿಮ್ಮ ಡಬ್ಬಿಯಲ್ಲಿರುವ ಕಾವಿ ಬಣ್ಣದ ಕಡ್ಡಿಗೂ ಸಾಮಾನ್ಯವಾಗಿ ಅದೇ ಬಣ್ಣ ಕೊಡುವುದು! ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಇರುವುದು ಜಿಪ್ಸಮ್ ಎಂಬ ಬಿಳಿ ಖನಿಜ, ಹಾಗಾಗಿ ಅಲ್ಲಿ ಮರಳು ಬಿಳಿ. ಬಿಳಿಯ ಮೇಲೆ ನೆರಳಿನ ನೀಲಿ ಇನ್ನೂ ಎದ್ದು ಕಾಣುತ್ತದೆ.

[ದೃಶ್ಯ: ಈಸೆಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್), ಬೋರ್ಡಿಗೆ ಅಂಟಿಸಿದ ಪೇಪರ್]

ಪೇಪರ್ ಉಪ್ಪು ಕಾಗದದ ಹಾಗೆ ತರಿತರಿಯಾಗಿರಲಿ, ಪದರದ ಮೇಲೆ ಪದರ ಹಿಡಿಯುತ್ತದೆ. ಬಿಳಿ ಪೇಪರ್ ಬೇಡ, ಆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ. ಮಣ್ಣಿನ ಬಣ್ಣದ್ದು ತೆಗೆದುಕೊಳ್ಳಿ. ಬೋರ್ಡ್ ಮತ್ತು ಬಣ್ಣದ ಡಬ್ಬಿ ಎರಡೂ ನೆರಳಲ್ಲೇ ಇರಬೇಕು.

[ಕ್ಲೋಸಪ್: ಕೈ ನೆರಳಿನ ಅಂಚು ಎಳೆಯುತ್ತಿದೆ]

ಮೊದಲು ನೆರಳಿನ ಆಕಾರ ಗುರುತಿಸಿ. ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ನೀವು ಆಕಾಶ ಬಿಡಿಸಿ ಮುಗಿಸುವಷ್ಟರಲ್ಲಿ ದಿಬ್ಬದ ರೂಪವೇ ಬದಲಾಗಿರುತ್ತದೆ. ಒಮ್ಮೆ ಗುರುತಿಸಿದ ಮೇಲೆ ನೆರಳು ಎಲ್ಲಿಗೆ ಓಡಿದರೂ ಅದರ ಹಿಂದೆ ಹೋಗಬೇಡಿ. ಪೇಸ್ಟಲ್ ಇಲ್ಲಿ ನಿಜಕ್ಕೂ ಒಳ್ಳೆಯ ಜೊತೆಗಾರ: ಒಣಗಲಿ ಅಂತ ಕಾಯಬೇಕಿಲ್ಲ, ಬಣ್ಣ ಕಲಸುತ್ತಾ ಕೂರಬೇಕಿಲ್ಲ.

ಗಟ್ಟಿ ಕಡ್ಡಿಯಿಂದ ಶುರು ಮಾಡಿ, ಮೆತ್ತಗಿನದು ಕೊನೆಗೆ. ನೇರಳೆ ಹಾಕಿ, ಅದರ ಮೇಲೆ ಹಗುರವಾಗಿ ಕಿತ್ತಳೆ ಗೆರೆ ಎಳೆಯಿರಿ. ಬೆರಳಿಂದ ಉಜ್ಜಬೇಡಿ! ಎರಡೂ ಬಣ್ಣ ಬೇರೆ ಬೇರೆಯಾಗಿ ಉಳಿದರೇ ನೆರಳಿಗೆ ಜೀವ. ಉಜ್ಜಿದರೆ ಸುಮ್ನೆ ಬೂದು ಆಗುತ್ತದೆ.

ದೂರದ ಬೆಟ್ಟದ ವಿಷಯದಲ್ಲಿ ಹುಷಾರು. ಒಣ ಹವೆಯಲ್ಲಿ ಅದು ಪಕ್ಕದಲ್ಲೇ ಇದ್ದಷ್ಟು ಸ್ಪಷ್ಟ. ಕಂಡಷ್ಟು ಗಾಢವಾಗಿ ಹಾಕಿದರೆ ಚಿತ್ರದಲ್ಲಿ ಆಳವೇ ಇರುವುದಿಲ್ಲ. ಕಣ್ಣು ಕಿರಿದು ಮಾಡಿ ಹತ್ತಿರದ ಪೊದೆಯ ಜೊತೆ ಹೋಲಿಸಿ. ಬೆಟ್ಟ ಎಷ್ಟು ತಿಳಿಯಾಗಿದೆ ಅಂತ ಆಗ ಗೊತ್ತಾಗುತ್ತದೆ.

[ದೃಶ್ಯ: ಟ್ರೈಪಾಡಿಗೆ ನೇತುಹಾಕಿದ ಮರಳಿನ ಚೀಲ]

ಗಾಳಿಗೆ ಈಸೆಲ್ ಬೀಳದಂತೆ ಭಾರ ಕಟ್ಟಿ. ಬೋರ್ಡ್ ಸ್ವಲ್ಪ ಮುಂದಕ್ಕೆ ವಾಲಿರಲಿ, ಪುಡಿ ಕೆಳಗೆ ಉದುರುತ್ತದೆ. ಬಾಯಿಂದ ಊದಲೇಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇರುತ್ತದೆ, ಅದು ಉಸಿರಿಗೆ ಸೇರಬಾರದು.

ಮುಗಿದ ಮೇಲೆ ಫಿಕ್ಸೆಟಿವ್, ಅಂದರೆ ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ, ಹೊಡೆಯುವ ಆಸೆ ಆಗುತ್ತದೆ. ಜಾಸ್ತಿ ಹೊಡೆದರೆ ಬಿಸಿಲಿನ ತಿಳಿ ಬಣ್ಣಗಳೇ ಕಪ್ಪಾಗುತ್ತವೆ. ಅದರ ಬದಲು ನುಣುಪಾದ ಗ್ಲಾಸೀನ್ ಹಾಳೆ ಮುಚ್ಚಿ, ಅಲುಗದಂತೆ ಟೇಪ್ ಹಚ್ಚಿ, ಮಟ್ಟಸವಾಗಿ ಹಿಡಿದು ಮನೆಗೆ ತನ್ನಿ.